ಗಾಳಿಗೆ ತಕ್ಕ ಪೆಟ್ರೋಲ್

ಅವಳ ಮೊಬೈಲು ಬೆಂಚಿನ ಮೇಲೆ ಬೋರಲಾಗಿ ಬಿದ್ದಿತ್ತು. ತನ್ನ ಮಾತೆಲ್ಲ ರೆಕಾರ್ಡ್ ಆಗುತ್ತಿದೆ ಎಂದು ಕಾಂತರಾಜುವಿಗೆ ಖಾತ್ರಿಯಾಯಿತು.

ಸಿಂಚನ ಎಂದು ಹೆಸರು ಹೇಳಿದ್ದಳು. ಊರು ಸಮೇತನಹಳ್ಳಿ. ಕಾರಿಗೆ ಸೂಪರ್‌ಚಾರ್ಜರ್ ಹಾಕಿಸಬೇಕಂತೆ. ಆದರೆ ಪಿಲ್ಲಗುಂಪೆಯ ಅವನ ಗ್ಯಾರೇಜಿಗೆ ಬಂದದ್ದು ಮಾತ್ರ ಆಟೊದಲ್ಲಿ.

“ಆ ಕೆಲಸ ಬಿಟ್ಬಿಟ್ಟಿದ್ದೀನಮ್ಮ,” ಎಂದ.

“ಶ್ರೀಧರ್ ಗಾಡಿಗೆ ಹಾಕಿದ್ರಲ್ಲಣ್ಣ? ಅದೇ ಥರ ಬೇಕು.”

ಕಾಂತರಾಜುವಿನ ಕೈಯಲ್ಲಿದ್ದ ಸ್ಪ್ಯಾನರ್ ನಿಂತಿತು. ಹೋದ ಯುಗಾದಿ ಕಳೆದ ಮೇಲೆ ಸೂಲಿಬೆಲೆ ರಸ್ತೆಯಲ್ಲಿ ಶ್ರೀಧರನ ಕಾರು ಪಲ್ಟಿ ಹೊಡೆದಿತ್ತು. ದೇಹ ಸಿಕ್ಕಿದ್ದು ಕಾರಿನಿಂದಾಚೆ, ದ್ರಾಕ್ಷಿ ತೋಟದ ಬೇಲಿ ಪಕ್ಕ. ಒಬ್ಬನೇ ಇದ್ದ, ಬೆಲ್ಟ್ ಹಾಕಿರಲಿಲ್ಲ, ಅತಿವೇಗ ಎಂದು ಪೊಲೀಸರು ಬರೆದು ಮುಗಿಸಿದರು. ಗ್ಯಾರೇಜಿನತ್ತ ಯಾರೂ ಸುಳಿಯಲಿಲ್ಲ. ಅದೇ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಈಗ ಇವಳು ಬಂದಿದ್ದಾಳೆ. ತಂಗಿಯೋ, ವಕೀಲರ ಕಡೆಯವಳೋ. ಯಾರಾದರೂ ಸರಿ, ಕೇಳಲಿ ಎನ್ನಿಸಿತು.

“ನೋಡಮ್ಮ, ಸೂಪರ್‌ಚಾರ್ಜರ್ ಅಂದ್ರೆ ಎಂಜಿನ್ನಿಗೆ ಗಾಳಿ ತುರುಕೋದು. ಗಾಳಿಗೆ ತಕ್ಕ ಹಾಗೆ ಪೆಟ್ರೋಲೂ ಹೋಗ್ಬೇಕು. ಮೊದಲು ದೊಡ್ಡ ಪಂಪು, ದೊಡ್ಡ ಇಂಜೆಕ್ಟರು. ಸೂಪರ್‌ಚಾರ್ಜರ್ ಆಮೇಲೆ. ಈ ಕ್ರಮ ತಪ್ಪಂಗಿಲ್ಲ.”

“ಶ್ರೀಧರ್ ಗಾಡೀಲಿ?”

“ತಪ್ಪಿಸ್ದೆ. ಪಂಪು ಇನ್ನೂ ಬಂದಿರ್ಲಿಲ್ಲ. ಅವ್ನು ಇವತ್ತೇ ಬೇಕು ಅಂತ ಕುಣೀತಿದ್ದ. ನಿಧಾನಕ್ಕೆ ಓಡ್ಸು ಗುರು ಅಂದು ಕೀ ಕೊಟ್ಬಿಟ್ಟೆ.”

ಹೆಂಡತಿ ಪ್ರಮೋದಾಳಿಗೂ ಹೇಳಿರದ ಮಾತು. ಮೊಬೈಲಿನ ಕಡೆ ಬಾಗಿ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ. “ಕೀ ಕೊಟ್ಟಿದ್ದು ನಾನೇ.”

ಅವಳಿಗೆ ಅಷ್ಟು ಸಾಲಲಿಲ್ಲ.

“ಪೆಟ್ರೋಲ್ ಸಾಲದೆ ಇದ್ರೆ ಸದ್ದು ಬರತ್ತಾ? ತಗಡಿನ ಡಬ್ಬೀಲಿ ಕಲ್ಲು ಅಲ್ಲಾಡಿಸ್ದಂಗೆ?”

“ಸರಿಯಾಗಿ ಹೇಳ್ದೆ. ಪಿಸ್ಟನ್ ಕರಗೋ ಮುಂಚೆ ಎಂಜಿನ್ ಹಾಗೆ ಕೂಗಿಕೊಳ್ಳತ್ತೆ. ಆಮೇಲೆ ಸೀಜ್ ಆಗತ್ತೆ, ಚಕ್ರ ಕಚ್ಕೊಂಡ್ಬಿಡತ್ತೆ.”

“ಸದ್ದು ಬಂದ್ಮೇಲೆ… ಏನೂ ಮಾಡಕ್ಕಾಗಲ್ವಾ ಅಣ್ಣ?”

ನಿಜ ಹೇಳಿ ಆಗಲ್ಲ ಎಂದಿದ್ದರೆ ಪಾಪವೆಲ್ಲ ತನ್ನದೇ ಆಗುತ್ತಿತ್ತು. ಹೊತ್ತೂ ಹೊತ್ತೂ ಅವನಿಗೆ ಸಾಕಾಗಿತ್ತು. ಸತ್ತವನ ಹೆಗಲಿಗೆ ಒಂದಿಷ್ಟು ಜಾರಿಸಿದರೆ ಅವನೇನು ಎದ್ದು ಬಂದು ವಾದ ಮಾಡುತ್ತಾನೆಯೇ?

“ಯಾಕಾಗಲ್ಲ? ಆಕ್ಸಿಲರೇಟರ್ ಮೇಲಿಂದ ಕಾಲು ಎತ್ತಿದ್ರೆ ಸಾಕಾಗಿತ್ತು, ಜೀವ ಉಳೀತಿತ್ತು. ಸ್ಪೀಡಿನ ಹುಚ್ಚು ಹಿಡಿದೋರು ಎತ್ತುತ್ತಾರಾ? ಅರ್ಧ ತಪ್ಪು ನಂದು ಕಣಮ್ಮ. ಇನ್ನರ್ಧ ಓಡಿಸ್ತಿದ್ದೋರ್ದು.”

ಎದೆಯ ಮೇಲಿನ ಬಂಡೆ ಸರಿದಂತಾಯಿತು. ಸಿಂಚನಳ ಮುಖ ಬಿಳಿಚಿಕೊಂಡದ್ದು ಆಮೇಲೆ ಕಣ್ಣಿಗೆ ಬಿತ್ತು.

“ರೆಕಾರ್ಡ್ ಮಾಡ್ಕೊಂಡ್ಯಲ್ಲ, ಕೋರ್ಟಲ್ಲೂ ಇದೇ ಹೇಳ್ತೀನಿ,” ಎಂದ.

“ನಾನೇನೂ ರೆಕಾರ್ಡ್ ಮಾಡ್ಲಿಲ್ಲಣ್ಣ.”

“ಮತ್ತೆ? ಶ್ರೀಧರನಿಗೆ ನೀನೇನಾಗ್ಬೇಕು?”

“ಮದುವೆ ಆಗ್ಬೇಕು ಅಂತಿದ್ವಿ. ಎರಡೂ ಮನೇಲಿ ಗೊತ್ತಿರ್ಲಿಲ್ಲ.” ಮೊಬೈಲು ಎತ್ತಿಕೊಂಡು ಎದ್ದಳು. “ಅವತ್ತು ಜನ ಸೇರೋ ಮುಂಚೆ ತೋಟದೊಳಗಿಂದ ಓಡಿಹೋದೆ.”

“ನೀನೂ ಕಾರಲ್ಲಿದ್ಯಾ?” ಎಂದ ಕಾಂತರಾಜು.

“ಅವ್ನು ಪಕ್ಕದ ಸೀಟಲ್ಲಿದ್ದ. ನಿಧಾನ ಕಣೇ, ನಿಧಾನ ಅಂತಾನೇ ಇದ್ದ. ಕಾಲು ಎತ್ತದೆ ಇದ್ದೋಳು ನಾನು.”