ಖಾಲಿ ಸೀಸೆ

"ಖರೆ ಹೇಳು ಮಾಳವ್ವಾ. ಪಾರ್ಸಲ್ ಒಡದಾಕಿ ನೀನ. ಒಳಗಿಂದು ಎಲ್ಲಿ ಹೋತು?"

ಪದ್ಮಜಾ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹೆಬ್ಬೆರಳಿನಷ್ಟು ಗಾಜಿನ ಸೀಸೆ. ಮುಚ್ಚಳ ಬಿಗಿ, ಮೇಲಿನ ಹೆಸರು ಸರಿ, ಒಳಗೆ ಮಾತ್ರ ಬರೀ ಗಾಳಿ. ಕಡಲಾಳದ ಸ್ಪಂಜಿನಿಂದ ತೆಗೆದ ರಾಸಾಯನಿಕ ಅದು. ಕ್ಯಾನ್ಸರ್ ಜೀವಕೋಶಗಳ ಮೇಲೆ ಪರೀಕ್ಷಿಸಬೇಕೆಂದು, ಗದಗದ ಈ ಕಾಲೇಜಿನ ಪ್ರಯೋಗಾಲಯದಲ್ಲಿ ಕೂತು ಏಳು ತಿಂಗಳು ಹಾದಿ ಕಾಯ್ದಿದ್ದಳು. ಇಂಥದ್ದು ಅವಳ ಕೈಗೆ ಬಂದದ್ದು ಇದೇ ಮೊದಲು. ಬಂದದ್ದೇ ಒಂದು ಮಿಲಿಗ್ರಾಂ. ಅದೂ ಇಲ್ಲ!

"ನಾ ಸೀಸೆ ತಗದು ಫ್ರಿಜ್ಜಿನಾಗ ಇಟ್ಟೀನ್ರಿ ಬಾಯಾರ, ಅಷ್ಟ. ನಮ್ಮವ್ವನ ಆಣಿ."

ಮಾಳವ್ವ ಹದಿನಾರು ವರ್ಷದಿಂದ ಮಲ್ಲಸಮುದ್ರದಿಂದ ಬಂದು ಈ ಕೋಣೆ ಗುಡಿಸುತ್ತಿದ್ದವಳು. ಕೆಲಸ ಕಾಯಂ ಆಗುವ ಆದೇಶ ಈ ತಿಂಗಳು ಬರುವುದಿತ್ತು. ಆದರೇನು, ಸೀಸೆ ತಾನಾಗಿಯೇ ಬರಿದಾಗುತ್ತದೆಯೇ?

"ಆತು. ನಾಳೆ ಸೀಸೆ ಕಂಪನಿಗೆ ಹೊಳ್ಳಿ ಕಳಸ್ತೀನಿ. ಕದ್ದವರು ಯಾರಂತ ಗೊತ್ತಾಗ್ಲಿ."

ಮಾಳವ್ವನ ಮುಖ ಇಳಿಯಿತು. "ಖಾಲಿನ ಕಳಸ್ತೀರೇನ್ರಿ?"

"ಮತ್ತ, ತುಂಬಿ ಕಳಸ್ಲೇನು?"

ಮಾಳವ್ವ ಸೀಸೆಯನ್ನೇ ನೋಡುತ್ತ ನಿಂತಳು. ಕಳ್ಳಿಯ ಎದೆ ಢವಢವ ಅನ್ನುತ್ತಿದೆ ಎಂದುಕೊಂಡಳು ಪದ್ಮಜಾ. ಸೀಸೆಯನ್ನು ಮೇಜಿನ ಮೇಲಿಟ್ಟು ಮನೆಗೆ ಹೋದಳು.

ಬೆಳಿಗ್ಗೆ ಬಂದರೆ ಸೀಸೆಯ ತಳದಲ್ಲಿ ಬಿಳಿ ಹರಳುಗಳು. ಭಲೇ! ಹೆದರಿಸಿದ್ದೇ ತಡ, ಕದ್ದ ಮಾಲು ತಾನೇ ಬಂದು ಕೂತಿತ್ತು. ಪದ್ಮಜಾ ನೇರ ಪ್ರಾಚಾರ್ಯರಲ್ಲಿಗೆ ನಡೆದಳು. ಅವರು ಮಾಳವ್ವನನ್ನು ಕರೆಸಿ ಕೇಳಿದರು.

"ಸೀಸೆದಾಗ ಇದನ್ನ ಹಾಕಿದಾಕಿ ನೀನ ಏನು?"

"ಹೌದ್ರಿ, ನಾನ ಹಾಕೀನ್ರಿ," ಎಂದಳು ಮಾಳವ್ವ, ಒಂದಿಷ್ಟೂ ಮುಚ್ಚುಮರೆಯಿಲ್ಲದೆ.

ಇನ್ನೇನು ಬೇಕು? ಮುಂದಿನ ಮಾತನ್ನು ಯಾರೂ ಕೇಳಲಿಲ್ಲ. ನಾಳೆಯಿಂದ ಬರಬೇಡ ಎಂದರು, ಎಲ್ಲರ ಎದುರಿಗೇ.

ಹೊರಡುವ ಮೊದಲು ಮಾಳವ್ವ ಒಂದು ಸ್ಟೀಲ್ ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಮೊನ್ನೆ ಪದ್ಮಜಾ ಅವಳಿಗೆ ಉಪ್ಪಿಟ್ಟು ಹಾಕಿ ಕೊಟ್ಟಿದ್ದ ಡಬ್ಬಿ. "ನಿಮ್ಮ ಡಬ್ಬಿ ಇಲ್ಲೈತ್ರಿ ಬಾಯಾರ." ಪದ್ಮಜಾ ತಲೆ ಎತ್ತಲಿಲ್ಲ.

ಮಧ್ಯಾಹ್ನ ಕಂಪನಿಯವನ ಫೋನು ಬಂತು.

"ಖಾಲಿ ಕಾಣೋದು ಸಹಜ ಮೇಡಂ. ಅಷ್ಟು ಸಣ್ಣ ಪ್ರಮಾಣ, ಗಾಜಿಗೆ ತೆಳ್ಳಗೆ ಅಂಟ್ಕೊಂಡಿರುತ್ತೆ, ಕಣ್ಣಿಗೆ ಬೀಳಲ್ಲ. ದ್ರಾವಕ ಹಾಕಿದ್ರೆ ಕರಗಿ ಬರುತ್ತೆ. ಜೊತೆಗಿಟ್ಟ ಚೀಟಿಯಲ್ಲಿ ಬರೆದಿದೀವಲ್ಲ?"

"ಹಂಗಾದ್ರ... ಬಿಳಿ ಹರಳು?"

"ಹರಳಾ? ನಾವು ಹರಳು ಕಳಿಸೋದೇ ಇಲ್ಲ ಮೇಡಂ."

ಪದ್ಮಜಾ ಫೋನು ಇಟ್ಟಳು. ಒಂದು ಚೀಟಿ ಓದುವ ವ್ಯವಧಾನವಿಲ್ಲದೆ, ಬಡವಳ ಹೊಟ್ಟೆಯ ಮೇಲೆ ಹೊಡೆದಿದ್ದಳು. ಕಳ್ಳಿ ಎಂಬ ಹೆಸರು ಬೇರೆ ಹೊರಿಸಿದ್ದಳು. ನಾಚಿಕೆಯಿಂದ ಪದ್ಮಜಾಳ ಮೈ ಹಿಡಿಯಷ್ಟಾಯಿತು. ಆದರೆ ಮಾಳವ್ವ ಸೀಸೆಗೆ ಹಾಕಿದ್ದಾದರೂ ಏನು? ಯಾಕೆ? ಕೇಳೋಣವೆಂದರೆ ಅವಳೇ ಇಲ್ಲ. ಏನೂ ತೋಚದೆ ಉಪ್ಪಿಟ್ಟಿನ ಡಬ್ಬಿಯನ್ನು ಕೈಗೆತ್ತಿಕೊಂಡಳು. ಒಳಗೇನೋ ಸರಸರ ಸರಿದಾಡಿತು.

ಮುಚ್ಚಳ ತೆಗೆದಳು. ಬರೀ ಡಬ್ಬಿ ಹೊಳ್ಳಿ ಕೊಡಬಾರದೆಂದು, ತಳದಲ್ಲಿ ಒಂದು ಹಿಡಿ ಸಕ್ಕರೆ.