ರಿಪೇರಿಯ ಸುಳ್ಳು

"ಜನರೇಟರ್ ಯಾವಾಗ ಆಕ್ತೀರಮ್ಮ?" ಎಂದು ಬಾಣಂತಿಯ ತಾಯಿ ಪೆದ್ದಮ್ಮ ಆಯಾಳನ್ನು ಮತ್ತೆ ಕೇಳಿದಳು. ರಾಬರ್ಟ್‌ಸನ್‌ಪೇಟೆಯ ಆ ಸಣ್ಣ ನರ್ಸಿಂಗ್ ಹೋಮಿನಲ್ಲಿ ಮಧ್ಯಾಹ್ನವೇ ಕರೆಂಟು ಹೋಗಿತ್ತು. ಹೆರಿಗೆ ವಾರ್ಡಿನಲ್ಲಿ ಬೆವರಿ ಮಲಗಿದ್ದ ಮಗಳಿಗೂ ಹಸುಗೂಸಾದ ಮೊಮ್ಮಗಳಿಗೂ ಅವಳು ಸೆರಗಿನಿಂದ ಗಾಳಿ ಹಾಕುತ್ತಿದ್ದಳು.

ಆಯಾ ರಾಧಾಮಣಿಗೆ ಹೇಳಬೇಕಾದ ಮಾತು ಬಾಯಿಪಾಠವಾಗಿತ್ತು: ಜನರೇಟರ್ ಕೆಟ್ಟೋಗೈತೆ, ರಿಪೇರಿಯವನು ಬರ್ತಾವನೆ. ಡೀಸೆಲ್ ಉಳಿಸಲು ಮ್ಯಾನೇಜರ್ ನರೇಶ್ ಕಲಿಸಿಕೊಟ್ಟ ಸುಳ್ಳು ಅದು. ಕೆಲಸ ಕೊಟ್ಟವರ ಋಣವೆಂದು ಅವಳು ವರ್ಷಗಟ್ಟಲೆ ಅದನ್ನೇ ಹೇಳಿದ್ದಳು, ಬಾಣಂತಿಯರು ನಂಬಿದ್ದರು. ಕೂಸು ಅತ್ತು ಅತ್ತು ಸುಸ್ತಾಗಿ ಈಗ ಸುಮ್ಮನೆ ಬಾಯಿ ತೆರೆಯುತ್ತಿತ್ತು. ಅದರ ಕತ್ತಿನ ತುಂಬ ಕೆಂಪು ಬೆವರುಸಾಲೆ ಎದ್ದಿತ್ತು.

"ಕೆಟ್ಟಿಲ್ಲ ಕಣಮ್ಮ," ಎಂದಳು ರಾಧಾಮಣಿ. "ಚೆನ್ನಾಗೇ ಐತೆ. ಡೀಸೆಲ್ ಖರ್ಚಾಗ್ತದೆ ಅಂತ ಆಕಲ್ಲ."

ಬಾಗಿಲಲ್ಲಿ ನಿಂತಿದ್ದ ನರೇಶನ ಮುಖ ಕೆಂಪಾಯಿತು. "ಯಾರ ಉಪ್ಪು ತಿಂತಿದ್ದೀಯ ನೀನು?"

"ನಿಮ್ದೇ ಸಾರ್. ಅದಕ್ಕೇ ಇಷ್ಟು ವರ್ಸ ಸುಳ್ಳು ಏಳ್ದೆ. ಇವತ್ತು ಈ ಕೂಸಿನ ಮುಂದೆ ಬಾಯಿ ಬರ್ಲಿಲ್ಲ." ನಾಳೆ ಈ ಕೆಲಸ ಇರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಅವನ ಮುಂದೆ ಕೈ ಚಾಚಿದಳು. "ಕೀ ಕೊಡಿ ಸಾರ್, ನಾನೇ ಆನ್ ಮಾಡ್ತೀನಿ."

ನರೇಶ್ ಅವಳನ್ನು ದುರುಗುಟ್ಟಿ ನೋಡಿದ. ಅಷ್ಟೂ ಹಾಸಿಗೆಗಳಿಂದ ಬಾಣಂತಿಯರು ಎದ್ದು ಕೂತು ಅವನನ್ನೇ ನೋಡುತ್ತಿದ್ದರು. ಅವನು ಜೇಬಿನಿಂದ ಕೀ ತೆಗೆದು ಅವಳ ಅಂಗೈಯಲ್ಲಿಟ್ಟ.