ಪದದ ಬಾಲ

"ಹೇಳು ಮರೀ, ಇದೇನು?" ಬೆಕ್ಕಿನ ಚಿತ್ರದ ಕಾರ್ಡು ಎತ್ತಿ ಹಿಡಿದೇ ಟೀಚರ ತೋಳು ಸೋತುಹೋಗಿತ್ತು. ಮುಂದಿನ ಬೆಂಚಿನ ಪುಟ್ಟಿ ತುಟಿ ಪಿಟಕ್ಕೆನ್ನಲಿಲ್ಲ. ಆಟಕ್ಕೆ ಬಿಟ್ಟರೆ ಅರಳು ಹುರಿದಂತೆ ಮಾತಾಡುವವಳಿಗೆ ಇಂಗ್ಲಿಷ್ ಪಾಠದಲ್ಲಿ ಮಾತ್ರ ನಾಲಿಗೆಯೇ ಏಳುತ್ತಿರಲಿಲ್ಲ. ಇವತ್ತೂ ಬಾಯಿ ಬಿಡದಿದ್ದರೆ ಕೆಳಗಿನ ತರಗತಿಗೆ ಕಳಿಸುವುದೆಂದು ಹೇಳಿದ್ದ ಹೆಡ್‌ಮೇಡಂ ಬಾಗಿಲಲ್ಲೇ ನಿಂತಿದ್ದರು.

"ಕ್ಯಾಟ್" ಎಂದು ಟೀಚರು ತಾವೇ ಹೇಳಿಕೊಟ್ಟರು. ದಿನವೂ ಪ್ರತಿ ಪದಕ್ಕೂ ಮಾಡುವಂತೆ ಹಣೆ ಉಜ್ಜಿಕೊಂಡು, "ಉಸ್ಸಪ್ಪಾ" ಎಂದು ಕಾರ್ಡನ್ನು ಮೇಜಿನ ಮೇಲೆ ಬೋರಲು ಹಾಕಿದರು.

ಪುಟ್ಟಿ ಎದ್ದು ಬಂದಳು. ಕಾರ್ಡು ಎತ್ತಿಕೊಂಡು ಕ್ಲಾಸಿನತ್ತ ತಿರುಗಿ, ಗಂಟೆ ಹೊಡೆದಂತೆ "ಕ್ಯಾಟ್" ಅಂದಳು. ಟೀಚರಿಗೆ ಹೋದ ಜೀವ ಬಂದಂತಾಯಿತು. ಆದರೆ ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿ, ಪುಟ್ಟ ಹಣೆಯನ್ನು ಉಜ್ಜಿಕೊಂಡು, ಎದೆಯಾಳದಿಂದ "ಉಸ್ಸಪ್ಪಾ" ಎಂದಳು. ಹಿಂದೆಯೇ ಇಡೀ ಕ್ಲಾಸು ಹಣೆಗೆ ಕೈಹಚ್ಚಿ, ಒಂದೇ ದನಿಯಲ್ಲಿ ಪಾಠ ಒಪ್ಪಿಸಿತು: "ಕ್ಯಾಟ್, ಉಸ್ಸಪ್ಪಾ!"

"ಇದೇನೇ ಇದು?" ಹೆಡ್‌ಮೇಡಂ ಕೇಳಿದರು.

"ಇಂಗ್ಲಿಷ್ ಹೇಳಿದ್ಮೇಲೆ ಹೀಗೆ ಮಾಡ್ಬೇಕು, ಮೇಡಂ," ಎಂದಳು ಪುಟ್ಟಿ, ಗೊತ್ತಿಲ್ಲದವರಿಗೆ ತಿಳಿಸಿಕೊಡುವಂತೆ.

ಹಣೆಯತ್ತ ಹೊರಟಿದ್ದ ಟೀಚರ ಕೈ ಅರ್ಧದಲ್ಲೇ ನಿಂತಿತು.